ಹುಳ ಕಾಣಲಿಲ್ಲ

ಬಾಟಲಿ ಬೆಳಗಿನ ರೈಲಿನಲ್ಲಿ ಬರುತ್ತಿತ್ತು. ಬಂಗಾರಪೇಟೆಯ ಕಡೆಯಿಂದ ಕೋಲಾರದ ಚಿನ್ನದ ಗಣಿ ಕೆಲಸಕ್ಕೆ ಹೋಗುವವರ ನಡುವೆ ನಿಂತುಕೊಂಡೇ ಬರುವ ಕದಿರಪ್ಪ ಚಾಂಪಿಯನ್ ರೀಫ್ಸ್‌ನಲ್ಲಿ ಇಳಿದು, ಪಾಳಿಗೆ ಹೋಗುವ ಮೊದಲು ಆಂಡರ್ಸನ್‌ಪೇಟೆಯ ಲ್ಯಾಬಿನ ಕಡೆ ತಿರುಗುತ್ತಿದ್ದ. ಬುತ್ತಿ ಒಂದು ಚೀಲದಲ್ಲಿ, ಬಾಟಲಿ ಇನ್ನೊಂದರಲ್ಲಿ. ಕಾಗದ ಸುತ್ತಿದ ಆ ಪುಟ್ಟ ಬಾಟಲಿಯನ್ನು ಮೇಜಿನ ಮೇಲಿಟ್ಟು, ಯಾರ ಮುಖವನ್ನೂ ನೋಡದೆ ಹೊರಟುಬಿಡುತ್ತಿದ್ದ. ಅದರಲ್ಲಿರುತ್ತಿದ್ದುದು ಅವನ ಹೆಂಡತಿ ಆದಿಲಕ್ಷ್ಮಮ್ಮನ ಮಲ. ಮಲ ಎನ್ನುವುದಕ್ಕಿಂತ ರಕ್ತ ಮತ್ತು ಲೋಳೆ.

ಲ್ಯಾಬು ಕೋದಂಡಪ್ಪನವರದು. ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಅದನ್ನು ನಡೆಸುತ್ತಿದ್ದರು. ಅವರ ಕಣ್ಣು ಮಂಜಾಗತೊಡಗಿದ ಮೇಲೆ ಸೂಕ್ಷ್ಮದರ್ಶಕದ ಕೆಲಸಕ್ಕೆಂದು ವೆಂಕಟರತ್ನಮ್ಮನನ್ನು ಸೇರಿಸಿಕೊಂಡಿದ್ದರು. ಅವಳು ಬೆಂಗಳೂರಿನಲ್ಲಿ ಪ್ರಾಣಿಶಾಸ್ತ್ರದಲ್ಲಿ ಬಿ.ಎಸ್ಸಿ. ಮುಗಿಸಿ, ಅಲ್ಲಿಯೇ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಕಲಿತು ಬಂದವಳು. ಬರುವ ರೋಗಿಗಳೆಲ್ಲ ಅವಳನ್ನು ಡಾಕ್ಟ್ರಮ್ಮ ಎನ್ನುತ್ತಿದ್ದರು. ತಾನು ಡಾಕ್ಟರಲ್ಲ ಎಂದು ಮೊದಮೊದಲು ತಿದ್ದುತ್ತಿದ್ದಳು, ಆಮೇಲೆ ಬಿಟ್ಟಳು.

ಆದಿಲಕ್ಷ್ಮಮ್ಮನಿಗೆ ದಸರಾ ಕಳೆದಾಗಿನಿಂದ ರಕ್ತಭೇದಿ. ಆ ಕಡೆ ರಕ್ತಭೇದಿಯೆಂದರೆ ಅಮೀಬಾ, ಅಮೀಬಾ ಎಂದರೆ ಜನರ ಬಾಯಲ್ಲಿ ಹುಳ. ಕೆರೆಯ ನೀರಿನಿಂದ, ತೊಳೆಯದ ಸೊಪ್ಪಿನಿಂದ ಹೊಟ್ಟೆಗೆ ಸೇರುವ, ಕಣ್ಣಿಗೆ ಕಾಣದ ಹುಳ. ಲ್ಯಾಬಿನಿಂದ ಎರಡು ಸಲ ಹಾಗೆಯೇ ವರದಿ ಹೋಗಿತ್ತು. ಮೊದಲನೆಯದು ಕೋದಂಡಪ್ಪನವರು ಬರೆದದ್ದು, ಎರಡನೆಯದು ವೆಂಕಟರತ್ನಮ್ಮ ಬರೆದದ್ದು. ಬಂಗಾರಪೇಟೆಯ ಡಾಕ್ಟರ್ ಮುನಿಸ್ವಾಮಪ್ಪನವರು ಆ ವರದಿಗಳನ್ನು ನಂಬಿ ಎಮಿಟಿನ್ ಇಂಜೆಕ್ಷನ್ ಕೊಟ್ಟಿದ್ದರು. ಅದು ಅಮೀಬಾವನ್ನು ಕೊಲ್ಲುವ ಮದ್ದು. ಹೆಚ್ಚಾದರೆ ಹೃದಯವನ್ನೂ ಸೋಲಿಸುತ್ತದೆ. ಆದಿಲಕ್ಷ್ಮಮ್ಮನ ನಾಡಿ ಈಗಾಗಲೇ ದಾರದಂತೆ ಸಣ್ಣಗಾಗಿತ್ತು, ರಕ್ತ ಮಾತ್ರ ನಿಂತಿರಲಿಲ್ಲ. ಅವಳನ್ನು ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಮಲಗಿಸಿದ್ದರು. ಇನ್ನೂ ಎರಡು ತುಂಬದ ಮಗಳನ್ನು, ಹುಳ ಮಗುವಿಗೂ ಅಂಟೀತೆಂದು, ತವರುಮನೆಗೆ ಕಳಿಸಲಾಗಿತ್ತು.

1961ರ ಸಂಕ್ರಾಂತಿ ಕಳೆದ ವಾರ ಬಂದ ಬಾಟಲಿಯನ್ನು ವೆಂಕಟರತ್ನಮ್ಮ ಎಂದಿನಂತೆ ಕಿಟಕಿಯ ಬಳಿ ಇಟ್ಟುಕೊಂಡು ಕುಳಿತಳು. ಸೂಕ್ಷ್ಮದರ್ಶಕದ ಕನ್ನಡಿಯನ್ನು ಬೆಳಕಿನ ಕಡೆ ತಿರುಗಿಸಿ, ಲೋಳೆಯ ಒಂದು ಎಳೆಯನ್ನು ಗಾಜಿನ ಮೇಲೆ ಹರಡಿದಳು. ಕೆಂಪು ಕಣಗಳ ನಡುವೆ ಅದು ಕಂಡಿತು: ದೊಡ್ಡದು, ದುಂಡನೆಯದು, ಹೊಟ್ಟೆಯೊಳಗೆ ನುಂಗಿದ ಕೆಂಪು ಕಣಗಳು. ಪುಸ್ತಕದ ಚಿತ್ರದಲ್ಲಿರುವ ಅಮೀಬಾವೂ ಹೀಗೆಯೇ ಇರುತ್ತದೆ. ಹಿಂದಿನ ಸಲವೂ ಇದನ್ನೇ ನೋಡಿ ಬರೆದಿದ್ದಳು.

ಈ ಸಲ ಅವಳ ಕೈ ತಡೆಯಿತು. ತಡೆದದ್ದು ಆ ಕಣವಲ್ಲ, ಅದರ ಸುತ್ತಲಿದ್ದ ಗುಂಪು. ಎಲ್ಲಿ ನೋಡಿದರೂ ಕೀವಿನ ಕಣಗಳು, ಅಂದರೆ ರಕ್ತದ ಬಿಳಿ ಕಣಗಳು, ಒಂದರ ಮೈಮೇಲೊಂದು. ಅಮೀಬಾ ಇರುವ ಕಡೆ ಇಷ್ಟು ಕೀವು ಇರುವುದಿಲ್ಲ. ತನ್ನ ಮೇಲೆ ಬಂದ ಬಿಳಿ ಕಣಗಳನ್ನು ಅದು ಕರಗಿಸಿಬಿಡುತ್ತದೆ. ಇಲ್ಲಿ ಬಿಳಿ ಕಣಗಳು ಯಾರ ಭಯವೂ ಇಲ್ಲದೆ ಕಿಕ್ಕಿರಿದಿದ್ದವು. ಅವಳು ಬಣ್ಣ ಹಾಕಿ ಮತ್ತೆ ನೋಡಿದಳು. ದೊಡ್ಡ ಕಣದ ಒಳಗಿನ ಬೀಜ, ಅಂದರೆ ನ್ಯೂಕ್ಲಿಯಸ್, ಅಮೀಬಾದ್ದಕ್ಕಿಂತ ದೊಡ್ಡದಾಗಿತ್ತು, ಒಂದು ಬದಿಗೆ ಸರಿದಿತ್ತು.

ಮನುಷ್ಯನ ಮೈಯಲ್ಲೇ ಅಂಥ ಇನ್ನೊಂದು ಕಣವಿದೆ. ಮ್ಯಾಕ್ರೋಫೇಜ್, ಅಂದರೆ ದೊಡ್ಡ ತಿನಿಗಾರ. ಬಿಳಿ ಕಣಗಳ ಕುಲದ್ದೇ. ಹೊರಗಿನಿಂದ ನುಗ್ಗಿದ್ದನ್ನು, ಒಳಗೆ ಸತ್ತದ್ದನ್ನು ನುಂಗಿ ಅರಗಿಸುವುದು ಅದರ ಕೆಲಸ. ರಕ್ತ ಚೆಲ್ಲಿದ ಕಡೆ ಕೆಂಪು ಕಣಗಳನ್ನೂ ನುಂಗುತ್ತದೆ. ಜೀವಂತವಾಗಿದ್ದಾಗ ಅಮೀಬಾ ನಡೆಯುತ್ತದೆ, ಇದು ಹಾಗೆ ನಡೆಯುವುದಿಲ್ಲ. ಆದರೆ ರೈಲಿನ ಚಳಿಯಲ್ಲಿ ತಣ್ಣಗಾಗಿ ಬಂದ ಬಾಟಲಿಯಲ್ಲಿ ಎರಡೂ ದುಂಡಗೆ ಮುದುಡಿಕೊಂಡು, ಯಾವುದು ಶತ್ರು ಯಾವುದು ಕಾವಲಿನವನು ಎಂದು ಹೇಳಲಾರದಂತೆ ಆಗಿಬಿಡುತ್ತವೆ.

ಕೋದಂಡಪ್ಪನವರನ್ನು ಕರೆದು ತೋರಿಸಿದಳು. ಅವರು ಕಣ್ಣು ಕಿರಿದು ಮಾಡಿ ಬಹಳ ಹೊತ್ತು ನೋಡಿದರು. ರಕ್ತ ನುಂಗಿದೆಯಲ್ಲ, ಹುಳವೇ ಇರಬೇಕು ಎಂದರು. ಸ್ವಲ್ಪ ಹೊತ್ತಿಗೆ ಮತ್ತೆ ಬಂದು ನೋಡಿ, ಇರಬೇಕು ಎಂದಷ್ಟೇ ಅಂದರು. ವೆಂಕಟರತ್ನಮ್ಮ ವರದಿ ಬರೆಯಲಿಲ್ಲ. ಸಂಜೆ ಪಾಳಿ ಮುಗಿಸಿ ಬಂದ ಕದಿರಪ್ಪನ ಕೈಯಲ್ಲಿ, ಡಾಕ್ಟರೇ ಒಮ್ಮೆ ಬಂದರೆ ಒಳ್ಳೆಯದು ಎಂದು ಹೇಳಿ ಕಳಿಸಿದಳು.

ಮುನಿಸ್ವಾಮಪ್ಪನವರು ಮರುದಿನವೇ ಬಂದರು. ಮಾತು ಕಡಿಮೆಯ ಮನುಷ್ಯ. ಬಣ್ಣ ಹಾಕಿದ ಗಾಜನ್ನು ನೋಡಿ, ಕುರ್ಚಿಗೆ ಒರಗಿ, ಕರುಳಿನ ಒಳಪದರ ಹುಳದ ಕಾರಣವಿಲ್ಲದೆಯೇ ಹುಣ್ಣಾಗುವ ಕಾಯಿಲೆಯೊಂದಿದೆ ಎಂದರು. ಇಂಗ್ಲೆಂಡಿನ ವೈದ್ಯಪತ್ರಿಕೆಗಳಲ್ಲಿ ಓದಿದ್ದರಂತೆ. ನಮ್ಮ ದೇಶದಲ್ಲಿ ಅಪರೂಪ ಎಂದು ಎಲ್ಲರೂ ಹೇಳುತ್ತಾರೆ. ನಿಜಕ್ಕೂ ಅಪರೂಪವೋ, ಬಂದದ್ದನ್ನೆಲ್ಲ ಅಮೀಬಾ ಎಂದು ಬರೆದು ನಾವೇ ಅಪರೂಪ ಮಾಡಿದ್ದೇವೋ ಎಂದು ತಮಗೇ ಹೇಳಿಕೊಳ್ಳುವಂತೆ ಅಂದರು.

ಅದಕ್ಕೆ ಮದ್ದು ಇದೆಯೇ ಎಂದು ಅವಳು ಕೇಳಿದಳು.

"ಕಾರ್ಟಿಸೋನ್ ಜಾತಿಯ ಮಾತ್ರೆ. ಈಗ ಮದರಾಸಿನಲ್ಲಿ ಸಿಗುತ್ತದೆ. ಈ ಬಿಳಿ ಕಣಗಳು ನುಗ್ಗಿ ಬರುವುದನ್ನು ಅದು ತಗ್ಗಿಸುತ್ತದೆ. ಆದರೆ ನೋಡಿ, ಒಳಗೆ ಅಮೀಬಾ ಇದ್ದು ನಾನು ಆ ಮಾತ್ರೆ ಕೊಟ್ಟೆನೋ, ಅದನ್ನು ತಡೆಯುವವರೇ ಇಲ್ಲದ ಹಾಗಾಗುತ್ತದೆ. ಕರುಳು ತೂತುಬಿದ್ದು ಹೋಗುತ್ತಾಳೆ. ಅಮೀಬಾ ಇಲ್ಲದೆ ಮತ್ತೆ ಎಮಿಟಿನ್ ಚುಚ್ಚಿದೆನೋ, ಹೃದಯ ನಿಂತು ಹೋಗುತ್ತಾಳೆ. ಇನ್ನೊಂದು ಸುತ್ತು ತಡೆಯುವ ಶಕ್ತಿ ಅವಳಲ್ಲಿಲ್ಲ."

ಏನೂ ಕೊಡದಿದ್ದರೆ ಎಂಬ ಪ್ರಶ್ನೆಯನ್ನು ಅವಳು ಕೇಳಲಿಲ್ಲ. ಬಾಟಲಿಯೇ ಉತ್ತರ ಹೇಳುತ್ತಿತ್ತು.

ಕಣ ಬದುಕಿರುವಾಗ ನೋಡಬೇಕು, ಮೈಯ ಬಿಸಿ ಆರುವುದರೊಳಗೆ ಗಾಜಿನ ಮೇಲೆ ಹಾಕಬೇಕು ಎಂದಳು ವೆಂಕಟರತ್ನಮ್ಮ. ರೋಗಿಯನ್ನು ರೈಲಿನಲ್ಲಿ ತರುವ ಮಾತೇ ಇರಲಿಲ್ಲ. ಬಾಟಲಿಯನ್ನಾದರೂ ಬೆಚ್ಚಗೆ ಕಳಿಸುವಂತೆ ಮನೆಯವರಿಗೆ ಹೇಳುತ್ತೇನೆ ಎಂದು ಡಾಕ್ಟರು ಹೋದರು.

ಅದರ ಮಾರನೆಯ ಬೆಳಿಗ್ಗೆ ಕದಿರಪ್ಪನ ಬದಲು ಅವನ ತಾಯಿ ಅಮ್ಮಾಜಮ್ಮ ಬಂದಳು. ಎತ್ತರದ ಹೆಂಗಸು, ಬರಿಗಾಲು, ಸೊಂಟದ ಮೇಲೆ ಬಟ್ಟೆಯ ಗಂಟು. ರೈಲಿನಿಂದ ಇಳಿದು ಓಡಿಯೇ ಬಂದಿದ್ದಳು. ಗಂಟನ್ನು ಮೇಜಿನ ಮೇಲೆ ಬಿಚ್ಚಿದಾಗ ಅದರಲ್ಲಿದ್ದುದು ಮಗುವಿನ ತಲೆಯಷ್ಟು ದೊಡ್ಡ ರಾಗಿಮುದ್ದೆ, ಇನ್ನೂ ಹಬೆಯಾಡುತ್ತಿತ್ತು. ಒಳಗಿನಿಂದ ಬಂದ ಕೋದಂಡಪ್ಪನವರು ವಾಸನೆ ಹಿಡಿದು, ಯಾರಿಗಮ್ಮ ಇಷ್ಟು ಹೊತ್ತಿಗೇ ಬುತ್ತಿ ಎಂದು ನಗುತ್ತಾ ಕೇಳಿದರು. ಅಮ್ಮಾಜಮ್ಮ ಮುದ್ದೆಯನ್ನು ಎರಡು ಹೋಳು ಮಾಡಿದಳು. ನಡುವೆ ಬಾಟಲಿ ಇತ್ತು. ಕೋದಂಡಪ್ಪನವರು ಎರಡು ಹೆಜ್ಜೆ ಹಿಂದಕ್ಕೆ ಸರಿದರು.

"ತಗಳಮ್ಮ ಡಾಕ್ಟ್ರಮ್ಮ, ಬಿಸಿ ಆರ್ದಂಗೆ ತಂದಿವ್ನಿ," ಎಂದಳು. "ಬಿಸಿ ನಿಲ್ಲೋದು ರಾಗಿ ಇಟ್ನಾಗೇ ಅಲ್ವಾ. ರೈಲ್ನಾಗೆ ಪಕ್ಕದಾಗೆ ಕುಂತೋನು ಮೂಗರಳಿಸ್ದ. ಏನಕ್ಕಾ, ಗಮ್ಮಂತೈತೆ, ಒಂದು ತುತ್ತು ಮುರಿಬಾರ್ದಾ ಅಂದ. ಮುರುದ್ರೆ ಆಮ್ಯಾಕೆ ನೀನೇ ಅಳ್ತೀಯ ಕಣ್ಲಾ, ಸುಮ್ಕೆ ಕುಂತ್ಕಾ ಅಂದೆ."

ವೆಂಕಟರತ್ನಮ್ಮ ನಕ್ಕಳು. ಬಾಟಲಿಯನ್ನು ಮುಟ್ಟಿದಾಗ ಆ ನಗೆ ನಿಂತಿತು. ಬೆರಳಿಡಲಾಗದಷ್ಟು ಸುಡುತ್ತಿತ್ತು. ಆದರೂ ಗಾಜಿನ ಮೇಲೆ ಹಾಕಿ ನೋಡಿದಳು. ಕಣಗಳೆಲ್ಲ ಬೇಯಿಸಿದ ಮೊಟ್ಟೆಯ ಹಾಗೆ ಹೆಪ್ಪುಗಟ್ಟಿದ್ದವು. ದೊಡ್ಡದು ಯಾವುದು, ಚಿಕ್ಕದು ಯಾವುದು ಎಂದು ಬಿಡಿಸುವುದೂ ಸಾಧ್ಯವಿರಲಿಲ್ಲ.

ಹೇಳದೆ ವಿಧಿಯಿರಲಿಲ್ಲ. ಬಿಸಿ ಹೆಚ್ಚಾಯಿತಮ್ಮ, ಒಳಗಿದ್ದದ್ದು ಬೆಂದುಹೋಗಿದೆ, ಏನೂ ತಿಳಿಯುವುದಿಲ್ಲ ಎಂದಳು.

ಅಮ್ಮಾಜಮ್ಮ ಒಡೆದ ಮುದ್ದೆಯನ್ನೇ ನೋಡುತ್ತಾ ನಿಂತಳು. ಅವಳ ಕೈಯಲ್ಲಿ ಇನ್ನೂ ರಾಗಿ ಅಂಟಿಕೊಂಡಿತ್ತು.

"ಇಟ್ಟು ಅಂಬೋದು ನಮ್ಗೆ ದ್ಯಾವ್ರಮ್ಮ," ಎಂದಳು ಕೊನೆಗೆ, ಮೆಲ್ಲಗೆ. "ಎಂಜಲು ಕೈನಾಗೆ ರಾಗಿ ಮುಟ್ಟಿದೋಳಲ್ಲ ನಾನು. ಅದ್ರಾಗೆ ಹೇಲು ಇಕ್ಕಿ ಕಟ್ಕಂಡು ಬಂದೆ. ನನ್ ಸೊಸೆ ಉಳೀಲಿ ಅಂತ ಇಕ್ದೆ. ಅದೂ ಕೆಟ್ಟೋಯ್ತಾ."

ಮುದ್ದೆಯನ್ನು ಏನು ಮಾಡುವುದೆಂಬುದು ಅವಳ ಮುಂದಿನ ಚಿಂತೆ. ನಾಯಿಗೆ ಹಾಕುವಂತಿಲ್ಲ, ದನಕ್ಕೂ ಇಡುವಂತಿಲ್ಲ, ತಿಪ್ಪೆಗೆ ಎಸೆಯಲು ಮನಸ್ಸಿಲ್ಲ. ಮನೆಯ ಹಿಂದೆ ಹೊಂಗೆಮರದ ಬುಡದಲ್ಲಿ ಗುಂಡಿ ತೋಡಿಕೊಳ್ಳಲು ಕೋದಂಡಪ್ಪನವರೇ ಹಾರೆ ತಂದುಕೊಟ್ಟರು. ಅವಳು ಎರಡು ಹೋಳನ್ನೂ ಒಟ್ಟು ಸೇರಿಸಿ, ಮಣ್ಣು ಮುಚ್ಚಿ, ಕೈ ಮುಗಿದು ಎದ್ದಳು. ವೆಂಕಟರತ್ನಮ್ಮ ಅವಳ ಕೈಗೆ ನೀರು ಹಾಕಿದಳು.

ಅವಳು ಹೋದ ಮೇಲೆ ವೆಂಕಟರತ್ನಮ್ಮ, ಸೂಕ್ಷ್ಮದರ್ಶಕವನ್ನೇ ಬಂಗಾರಪೇಟೆಗೆ ತೆಗೆದುಕೊಂಡು ಹೋಗಲೇ ಎಂದು ಕೋದಂಡಪ್ಪನವರನ್ನು ಕೇಳಿದಳು. ಆ ಉಪಕರಣ ಅವರಿಗೆ ಜೀವ. ಅದಿಲ್ಲದಿದ್ದರೆ ಲ್ಯಾಬೂ ಇಲ್ಲ. ಬೇರೆ ದಿನವಾಗಿದ್ದರೆ ಖಂಡಿತ ಬೇಡವೆನ್ನುತ್ತಿದ್ದರು. ಅಂದು ಹಾರೆಯನ್ನು ಗೋಡೆಗೆ ಒರಗಿಸಿ ಬಂದು, ಮರದ ಪೆಟ್ಟಿಗೆಯನ್ನು ತಾವೇ ಒರಸಿ, ರೈಲಿನಲ್ಲಿ ಕೆಳಗಿಡಬೇಡ, ತೊಡೆಯ ಮೇಲೆ ಇಟ್ಟುಕೊಂಡು ಹೋಗು ಎಂದರು.

ಕ್ಲಿನಿಕ್ಕಿನ ಹಿಂದಿನ ಕೋಣೆಗೆ ಪೂರ್ವದ ಕಡೆ ಒಂದೇ ಕಿಟಕಿ. ಮರುದಿನ ಬೆಳಿಗ್ಗೆ ವೆಂಕಟರತ್ನಮ್ಮ ಅದರ ಕೆಳಗೆ ಮೇಜು ಹಾಕಿಸಿ ಸೂಕ್ಷ್ಮದರ್ಶಕವನ್ನು ಇಟ್ಟಳು. ಇಷ್ಟು ದಿನ ಬಾಟಲಿಯ ಮೇಲಿನ ಹೆಸರಾಗಿಯೇ ಗೊತ್ತಿದ್ದ ಆದಿಲಕ್ಷ್ಮಮ್ಮ ಮಂಚದ ಮೇಲಿದ್ದಳು. ತನ್ನದೇ ವಯಸ್ಸಿನವಳು. ಕೆನ್ನೆ ಒಳಕ್ಕೆ ಹೋಗಿ ಹಲ್ಲು ದೊಡ್ಡದಾಗಿ ಕಾಣುತ್ತಿತ್ತು. ಬಳೆ ಮೊಣಕೈವರೆಗೂ ಜಾರುತ್ತಿತ್ತು. ನನ್ನ ಗಲೀಜು ನೋಡಲು ಇಷ್ಟು ದೂರ ಬರಬೇಕಾಯಿತೇ ಎಂದು ಸಂಕೋಚದಿಂದ ಮುಖ ಪಕ್ಕಕ್ಕೆ ತಿರುಗಿಸಿದಳು. ಕದಿರಪ್ಪ ಆ ದಿನ ಪಾಳಿಗೆ ಹೋಗಿರಲಿಲ್ಲ. ಬಾಗಿಲ ಹೊರಗೆ ನಿಂತಿದ್ದ.

ಗಾಜುಗಳನ್ನು ಬೆಚ್ಚಗಿಡಲು ಅಗಲವಾದ ತಟ್ಟೆಯಲ್ಲಿ ನೀರು ಬೇಕಿತ್ತು. ಎಷ್ಟು ಬಿಸಿ ಎಂದು ಅಮ್ಮಾಜಮ್ಮ ಈ ಸಲ ಮೊದಲೇ ಕೇಳಿದಳು. ಎಳೆಗೂಸಿಗೆ ಎರೆಯುವಷ್ಟು ಎಂದಳು ವೆಂಕಟರತ್ನಮ್ಮ. ಅಮ್ಮಾಜಮ್ಮ ನೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಮತ್ತೊಂದು ಚೊಂಬು ತಣ್ಣೀರು ಸೇರಿಸಿ ತಂದಿಟ್ಟಳು. ಆರುತ್ತಾ ಬಂದಂತೆ ಬದಲಿಸುತ್ತಲೇ ಇದ್ದಳು.

ಮೈಯ ಬಿಸಿ ಇನ್ನೂ ಇದ್ದ ಲೋಳೆಯನ್ನು ಬೆಚ್ಚಗಿನ ಗಾಜಿನ ಮೇಲೆ ಹರಡಿ ವೆಂಕಟರತ್ನಮ್ಮ ಕಣ್ಣಿಟ್ಟಳು.

ಮೊದಲು ಕಂಡದ್ದು ಚಲನೆ. ಏನೋ ಒಂದು ಕೆಂಪು ಕಣಗಳ ನಡುವೆ ದಾರಿ ಮಾಡಿಕೊಂಡು ತೆವಳುತ್ತಿತ್ತು. ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿ ಹಿಡಿದಳು. ಚಿಕ್ಕದು. ಬೀಜ ಮೂರು ತುಂಡಾಗಿತ್ತು. ಕೀವಿನ ಕಣವೇ. ತಣ್ಣಗಿನ ಗಾಜಿನ ಮೇಲೆ ಅವಳು ಎಂದೂ ಕಂಡಿರದ ಹಾಗೆ, ಬದುಕಿದ್ದ ಕೀವಿನ ಕಣ. ಅದರ ಹಿಂದೆ ಇನ್ನೊಂದು, ಪಕ್ಕದಲ್ಲಿ ಮತ್ತೊಂದು. ಸತ್ತ ಬಿಳಿ ಚುಕ್ಕೆಗಳೆಂದು ತಿಳಿದಿದ್ದವೆಲ್ಲ ಕೆಲಸದ ಮೇಲೆ ಇದ್ದವು. ಎಲ್ಲಿಗೋ ಕರೆ ಬಂದಂತೆ ಒಂದೇ ಕಡೆಗೆ ಸಾಗುತ್ತಿದ್ದವು.

ಬಹಳ ಹುಡುಕಿದ ಮೇಲೆ ದೊಡ್ಡದು ಸಿಕ್ಕಿತು. ಹೊಟ್ಟೆಯಲ್ಲಿ ಕೆಂಪು ಕಣಗಳು. ಅದನ್ನು ನಡುವಿಗೆ ತಂದು ಕಾದಳು. ಅಮೀಬಾ ಹೇಗೆ ನಡೆಯುತ್ತದೆಂದು ಬೆಂಗಳೂರಿನಲ್ಲಿ ನೋಡಿದ್ದಳು: ಗಾಜಿನಷ್ಟು ತಿಳಿಯಾದ ಒಂದು ಕಾಲು ಥಟ್ಟನೆ ಮುಂದೆ ಚಾಚುತ್ತದೆ, ಮೈಯೆಲ್ಲ ಅದರೊಳಕ್ಕೆ ಹರಿಯುತ್ತದೆ, ಮತ್ತೆ ಚಾಚುತ್ತದೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಇದು ಹಾಗೆ ಮಾಡಲಿಲ್ಲ. ಅಂಚಿನಲ್ಲಿ ಒಂದು ಕಡೆ ಉಬ್ಬಿತು, ಆ ಉಬ್ಬು ನಿಧಾನವಾಗಿ ಇಳಿಯಿತು. ಇನ್ನೊಂದು ಕಡೆ ಉಬ್ಬಿತು. ಇದ್ದಲ್ಲೇ ಇತ್ತು. ಗಾಜು ಬದಲಿಸಿದಳು. ಕಿಟಕಿಯ ಬಿಸಿಲು ಮೇಜಿನ ಮೇಲಿಂದ ಸರಿದುಹೋಗುವವರೆಗೆ ಒಂದಾದ ಮೇಲೊಂದು ಗಾಜು ನೋಡಿದಳು. ದೊಡ್ಡವು ಇನ್ನಷ್ಟು ಸಿಕ್ಕವು. ಯಾವುದೂ ನಡೆಯಲಿಲ್ಲ.

ಡಾಕ್ಟರು ಬಂದು ನೋಡಿದರು. ಕಣ್ಣು ತೆಗೆಯದೆಯೇ, "ಅಮೀಬಾ ಇಲ್ಲ ಅಂತೀರಾ?" ಎಂದು ಕೇಳಿದರು.

"ಇಲ್ಲ ಅಂತ ಹೇಳಲಾರೆ ಸಾರ್. ಕಾಣಲಿಲ್ಲ ಅಂತ ಹೇಳಬಲ್ಲೆ. ಹಿಂದೆ ನಾವು ಅಮೀಬಾ ಅಂತ ಬರೆದದ್ದು ಇದನ್ನೇ. ಇದು ಅವರದೇ ಮೈಯ ಕಣ."

ನೀರಿನ ತಟ್ಟೆ ಹಿಡಿದು ನಿಂತಿದ್ದ ಅಮ್ಮಾಜಮ್ಮ, ನಾನೂ ನೋಡಬಹುದೇ ಎಂದು ಕೇಳಿದಳು. ಡಾಕ್ಟರು ಎದ್ದು ಜಾಗ ಬಿಟ್ಟರು. ಒಂದು ಕಣ್ಣು ಮುಚ್ಚಲು ಅವಳಿಗೆ ಬರಲಿಲ್ಲ. ಅಂಗೈಯಿಂದ ಮುಚ್ಚಿಕೊಂಡು ಬಾಗಿದಳು. ಉಸಿರು ಬಿಗಿಹಿಡಿದು ನೋಡಿದಳು.

"ಓಡಾಡ್ತಾವೆ," ಎಂದಳು. "ಇದ್ರಾಗೆ ಹುಳ ಯಾವ್ದಮ್ಮ?"

"ಇದ್ರಲ್ಲಿ ಹುಳ ಇಲ್ಲಮ್ಮ. ನೀವು ನೋಡ್ತಿರೋದೆಲ್ಲ ನಿಮ್ಮ ಸೊಸೆಯ ಮೈಯಲ್ಲೇ ಹುಟ್ಟಿದ್ದು," ಎಂದಳು ವೆಂಕಟರತ್ನಮ್ಮ.

ಅಮ್ಮಾಜಮ್ಮ ತಲೆಯೆತ್ತಿದಳು. ಒಳ್ಳೆಯ ಸುದ್ದಿ ಕೇಳಿದವರ ಮುಖವಾಗಿರಲಿಲ್ಲ ಅದು. ಇಷ್ಟು ತಿಂಗಳು ಅವಳು ಆ ಹುಳವನ್ನು ಶಪಿಸಿದ್ದಳು, ಸೊಸೆಯ ತಟ್ಟೆ ಲೋಟಗಳನ್ನು ಬೇರೆ ಇಟ್ಟು ಕುದಿಸಿದ್ದಳು, ಮೊಮ್ಮಗಳನ್ನು ದೂರ ಕಳಿಸಿದ್ದಳು. ಹುಳವಾದರೆ ಎಂದಾದರೂ ಸಾಯುತ್ತದೆ.

"ಹುಳ ಇಲ್ದಿದ್ರೆ," ಎಂದು ನಿಧಾನವಾಗಿ ಕೇಳಿದಳು, "ಮತ್ತೆ ಅವಳ್ನ ತಿಂತಿರೋದು ಯಾರು?"

ಮೈಗೆ ಕಾವಲಿರುವ ಕಣಗಳಿವು, ಕಳ್ಳ ನುಗ್ಗಿದಾಗ ಹೊಡೆದು ಓಡಿಸುವಂಥವು. ಇಲ್ಲಿ ಕಳ್ಳ ಯಾರೂ ಕಾಣುತ್ತಿಲ್ಲ, ಆದರೂ ಇವು ಕರುಳಿಗೆ ಬಂದು ಬಂದು ಸೇರಿ ಗೋಡೆಯನ್ನೇ ಕೆಡವುತ್ತಿವೆ ಎಂದು ವೆಂಕಟರತ್ನಮ್ಮ ತನಗೆ ತಿಳಿದಷ್ಟು ಸರಳವಾಗಿ ಹೇಳಿದಳು. ಬಾಗಿಲಲ್ಲಿದ್ದ ಕದಿರಪ್ಪ ಅಷ್ಟು ಹೊತ್ತಿಗೆ ಮೊದಲ ಸಲ ಬಾಯಿಬಿಟ್ಟ.

"ಗಣಿ ಗೇಟ್ನಾಗೆ ಸೋದ್ನೆ ಮಾಡ್ತಾರಲ್ಲವ್ವ, ಅಂಗೆ. ನಾನು ಏನೂ ಕದ್ದಿರಾಕಿಲ್ಲ. ಆದ್ರೂ ಪಾಳಿ ಬಿಟ್ಟಾಗೆಲ್ಲ ಅಂಗಿ ಬಿಚ್ಚಿಸ್ತಾರೆ."

"ಅಂಗಿ ಬಿಚ್ಚಿಸ್ತಾರೆ ಕಣ್ಲಾ. ಚರ್ಮ ಸುಲೀತಾರಾ?" ಎಂದಳು ತಾಯಿ. ಮತ್ತೆ ವೆಂಕಟರತ್ನಮ್ಮನ ಕಡೆ ತಿರುಗಿ, "ಯಾಕಂತೆ ಅವಕ್ಕೆ? ಇವಳ ಮ್ಯಾಗೆ ಏನು ಹಗೆ?"

"ಯಾಕೆ ಅಂತ ನಮಗೆ ಗೊತ್ತಿಲ್ಲಮ್ಮ," ಎಂದರು ಮುನಿಸ್ವಾಮಪ್ಪನವರು. "ಯಾವ ದೇಶದವರಿಗೂ ಇನ್ನೂ ಗೊತ್ತಿಲ್ಲ."

ಅವರು ಮಂಚದ ಬಳಿ ಸ್ಟೂಲು ಎಳೆದುಕೊಂಡು ಕುಳಿತರು. ಎರಡು ಮದ್ದುಗಳ ವಿಷಯವನ್ನು ಮುಚ್ಚಿಡದೆ ಮನೆಯವರೆಲ್ಲರ ಎದುರು ಹೇಳಿದರು. ಹೊಸ ಮಾತ್ರೆ ಕೊಡಬೇಕೆಂದು ತಮಗೆ ತೋರುತ್ತಿದೆ. ವೆಂಕಟರತ್ನಮ್ಮನ ಕಣ್ಣಿಗೆ ಬೀಳದೆ ಹುಳ ಎಲ್ಲಾದರೂ ಅಡಗಿದ್ದರೆ ಅದೇ ಮಾತ್ರೆಯಿಂದ ಪ್ರಾಣ ಹೋಗಬಹುದು. ಕದಿರಪ್ಪ ತಾಯಿಯ ಮುಖ ನೋಡಿದ. ತಾಯಿ ಸೊಸೆಯ ಮುಖ ನೋಡಿದಳು.

ಆದಿಲಕ್ಷ್ಮಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ನಿದ್ದೆ ಹೋಗಿದ್ದಾಳೆಂದು ಎಲ್ಲರೂ ತಿಳಿದಿದ್ದರು.

"ಹುಳ ಇಲ್ಲ ಅಂದ್ರೆ," ಎಂದಳು, "ಮಗೂಗೆ ಅಂಟಾಕಿಲ್ಲ ಅಲ್ವಾ ಸಾಮಿ?"

"ಅಂಟೋದಿಲ್ಲಮ್ಮ. ಈ ಕಾಯಿಲೆ ಯಾರಿಗೂ ಅಂಟೋದಿಲ್ಲ."

"ಅಂಗಾದ್ರೆ ಕೊಡಿ."

ಆ ವಾರ ಬಾಟಲಿ ಬರಲಿಲ್ಲ. ಮದರಾಸಿನಿಂದ ಮಾತ್ರೆ ಬಂತೆಂದೂ ಶುರುಮಾಡಿದರೆಂದೂ ಕದಿರಪ್ಪ ಬೆಳಿಗ್ಗೆ ಬಂದು ಹೇಳಿಹೋದ. ಆಮೇಲೆ ಅವನು ದಿನವೂ ಲ್ಯಾಬಿನ ಮುಂದೆಯೇ ಹಾದುಹೋಗುತ್ತಿದ್ದ, ಒಳಗೆ ಬರುತ್ತಿರಲಿಲ್ಲ. ವೆಂಕಟರತ್ನಮ್ಮ ಕಿಟಕಿಯಿಂದ ಅವನ ನಡಿಗೆ ನೋಡಿ ಏನಾದರೂ ತಿಳಿಯುತ್ತದೆಯೇ ಎಂದು ಪ್ರಯತ್ನಿಸುತ್ತಿದ್ದಳು. ಬೇರೆ ರೋಗಿಗಳ ಗಾಜುಗಳು ಬರುತ್ತಿದ್ದವು. ಅವುಗಳಲ್ಲಿ ನಿಜವಾದ ಅಮೀಬಾ ಇರುತ್ತಿದ್ದವೂ ಉಂಟು, ಹೌದೋ ಅಲ್ಲವೋ ಎಂದು ಹೇಳಲಾಗದವೂ ಉಂಟು. ಹೇಳಲಾಗದ್ದನ್ನು ಹೇಳಲಾಗದು ಎಂದೇ ಬರೆಯತೊಡಗಿದಳು. ಅಂಥ ವರದಿಗೆ ಯಾರು ಬರುತ್ತಾರಮ್ಮ ಎಂದು ಕೋದಂಡಪ್ಪನವರು ಗೊಣಗಿದರು, ಆದರೆ ತಿದ್ದಲಿಲ್ಲ. ಒಂದು ಮಧ್ಯಾಹ್ನ ನಂದಿದುರ್ಗ ಗಣಿಯ ಕೆಲಸಗಾರರ ಲೈನುಗಳಿಂದ ಬಂದ ಒಬ್ಬ ಮುದುಕನ ಗಾಜಿನಲ್ಲಿ ಆ ತಿಳಿಯಾದ ಕಾಲು ಥಟ್ಟನೆ ಚಾಚಿದ್ದನ್ನು ಕಂಡು, ಇದು ಆದಿಲಕ್ಷ್ಮಮ್ಮನ ಗಾಜಿನಲ್ಲೂ ಇದ್ದಿದ್ದರೆ, ತಾನು ನೋಡದ ಒಂದು ಮೂಲೆಯಲ್ಲಿ ಇದ್ದಿದ್ದರೆ ಎನಿಸಿತು.

ಮರುದಿನ ಕದಿರಪ್ಪ ಒಳಗೆ ಬಂದ. ರಕ್ತ ಕಡಿಮೆಯಾಗಿದೆ ಎಂದ. ಗಂಜಿ ಕುಡಿದು ಇನ್ನಷ್ಟು ಕೇಳಿದಳಂತೆ. ಹೇಳುವಾಗ ಅವನು ವೆಂಕಟರತ್ನಮ್ಮನ ಮುಖ ನೋಡಿಯೇ ಹೇಳಿದ.

ಶಿವರಾತ್ರಿಗೆ ಮುಂಚೆ ಮುನಿಸ್ವಾಮಪ್ಪನವರು ಹೇಳಿಕಳಿಸಿದರು: ಮಾತ್ರೆ ಮುಂದುವರಿಸುವ ಮೊದಲು ಬೆಚ್ಚಗಿನ ಗಾಜನ್ನು ಇನ್ನೊಮ್ಮೆ ನೋಡಿಬಿಡುವುದು ಒಳ್ಳೆಯದು. ವೆಂಕಟರತ್ನಮ್ಮ ಪೆಟ್ಟಿಗೆ ತೆಗೆದುಕೊಂಡು ಹೋದಳು. ಈಗ ರೋಗಿ ಮನೆಯಲ್ಲಿದ್ದಳು, ಬಂಗಾರಪೇಟೆಯಿಂದ ಎತ್ತಿನಗಾಡಿಯಲ್ಲಿ ಹೋಗುವಷ್ಟು ದೂರದ ಹಳ್ಳಿಯಲ್ಲಿ. ದಾರಿಯಲ್ಲಿ ಡಾಕ್ಟರು ಹೇಳಿದರು: ಇದು ವಾಸಿಯಾಗುವ ಕಾಯಿಲೆಯಲ್ಲ, ತಣಿಯುವ ಕಾಯಿಲೆ. ಮತ್ತೆ ಯಾವಾಗ ಕೆರಳುತ್ತದೋ ಹೇಳಲು ಬರುವುದಿಲ್ಲ. ಮಾತ್ರೆಯನ್ನು ಬಹಳ ಕಾಲ ಕೊಡುವಂತಿಲ್ಲ, ಅದಕ್ಕೆ ಅದರದೇ ಉಪದ್ರವಗಳಿವೆ. ಇದನ್ನೆಲ್ಲ ಅವರಿಗೆ ಹೇಳಿದ್ದೀರಾ ಎಂದು ಅವಳು ಕೇಳಿದಾಗ, ಅತ್ತೆಗೆ ಹೇಳಿದ್ದೇನೆ ಎಂದರು.

ಜಗಲಿಯ ಮೇಲೆ ಕುಳಿತಿದ್ದ ಹೆಂಗಸನ್ನು ವೆಂಕಟರತ್ನಮ್ಮ ಬೇರೆ ಯಾರೋ ಎಂದುಕೊಂಡಳು. ಮಾತ್ರೆ ಅವಳ ಮುಖವನ್ನು ದುಂಡಗೆ ಊದಿಸಿತ್ತು. ಕೆನ್ನೆಗಳು ತುಂಬಿ ಬಿಗಿದು ಕಣ್ಣುಗಳು ಚಿಕ್ಕವಾಗಿದ್ದವು; ಕುತ್ತಿಗೆಯ ಕೆಳಗೆ ಮಾತ್ರ ಇನ್ನೂ ಮೂಳೆ. ಧ್ವನಿ ಕೇಳಿದ ಮೇಲೆ ಗುರುತು ಸಿಕ್ಕಿತು.

ಗಾಜಿನಲ್ಲಿ ಕೀವಿನ ಕಣಗಳು ಅಲ್ಲೊಂದು ಇಲ್ಲೊಂದು ಇದ್ದವು. ಗುಂಪು ಚದುರಿತ್ತು. ದೊಡ್ಡದು ಒಂದೂ ಇರಲಿಲ್ಲ. ಹುಳವೂ ಕಾಣಲಿಲ್ಲ. ಅದನ್ನು ಹೇಳುತ್ತಿರುವಾಗಲೇ ತವರಿನಿಂದ ಗಾಡಿ ಬಂತು. ಮಗು ಬಂದದ್ದು ಅಂದೇ.

ಅಮ್ಮಾಜಮ್ಮ ಮಗುವನ್ನು ಗಾಡಿಯಿಂದ ಇಳಿಸಿಕೊಂಡು ಬಂದು ಜಗಲಿಯ ಎದುರು ನಿಲ್ಲಿಸಿದಳು. "ಓಗೇ ಕನಕ, ನಿಮ್ಮವ್ವ," ಎಂದಳು. ಮಗು ಜಗಲಿಯ ಮೇಲಿದ್ದ ದುಂಡು ಮುಖವನ್ನು ನೋಡಿತು. ಒಂದು ಹೆಜ್ಜೆ ಹಿಂದಿಟ್ಟು ಅಜ್ಜಿಯ ಸೀರೆಯ ನೆರಿಗೆಯೊಳಗೆ ಸೇರಿಕೊಂಡಿತು. ಅಜ್ಜಿ ಅದನ್ನು ಹಿಡಿದು ಮುಂದಕ್ಕೆ ತಳ್ಳಲು ಹೋದಾಗ ಕಿರುಚಿ ಅಳತೊಡಗಿತು.

"ಬಲವಂತ ಮಾಡ್ಬ್ಯಾಡಿ ಅತ್ತೆ," ಎಂದಳು ಆದಿಲಕ್ಷ್ಮಮ್ಮ. "ನಂಗೇ ಕನ್ನಡಿ ನೋಡಿದ್ರೆ ಗೊತ್ತಾಗಲ್ಲ. ಅದುಕ್ಕೆಂಗೆ ಗೊತ್ತಾದಾತು?"

ಅಮ್ಮಾಜಮ್ಮ ಡಾಕ್ಟರ ಕಡೆ ನೋಡಿದಳು. ಮಾತ್ರೆ ಕಡಿಮೆ ಮಾಡುತ್ತಾ ಬಂದಂತೆ ಊತ ಇಳಿಯುತ್ತದೆ ಎಂದು ಅವರು ಹೇಳಿದರು. ಮುಂದಿನದನ್ನು ಹೇಳಲಿಲ್ಲ. ಅಮ್ಮಾಜಮ್ಮನೂ ಕೇಳಲಿಲ್ಲ.

ಆದಿಲಕ್ಷ್ಮಮ್ಮ ಮಗುವನ್ನು ಕರೆಯಲಿಲ್ಲ. ಕಣ್ಣನ್ನು ಬೇರೆ ಕಡೆಗೆ ಹೊರಳಿಸಿಕೊಂಡು, ಅಂಗಳದಲ್ಲಿದ್ದ ಕರುವನ್ನು ಮಾತನಾಡಿಸತೊಡಗಿದಳು. ನೀರು ಕುಡಿದೆಯಾ, ಬಿಸಿಲಾಗೆ ಯಾಕೆ ನಿಂತಿದ್ದೀಯಾ ಎಂದು, ಮನೆಮಂದಿಯನ್ನು ವಿಚಾರಿಸುವ ಹಾಗೆ, ಎಂದಿನ ದನಿಯಲ್ಲಿ. ಅಳು ನಿಂತಿತು. ನೆರಿಗೆಯ ನಡುವಿನಿಂದ ಒಂದು ಕಣ್ಣು ಹೊರಗೆ ಬಂತು. ಮಗು ಆ ದನಿಯನ್ನು ಕೇಳುತ್ತಾ, ಆ ಮುಖವನ್ನು ನೋಡುತ್ತಾ, ಅಜ್ಜಿಯ ಸೀರೆಯನ್ನು ಬಿಡದೆ ಅಲ್ಲೇ ನಿಂತಿತ್ತು. ಆದಿಲಕ್ಷ್ಮಮ್ಮ ಕರುವಿನೊಂದಿಗೆ ಮಾತನಾಡುತ್ತಲೇ ಇದ್ದಳು.